ಐನೂರ ಮೂವತ್ತೆಂಟನೆಯ ಮತ

2001ರ ಜನವರಿಯಲ್ಲಿ ನಾನು ಲಂಡನ್ನಿನ ಹೌನ್ಸ್ಲೋದ ಒಂದು ವಾರ್ಷಿಕ ಕೈಪಿಡಿ ಪ್ರಕಾಶನದಲ್ಲಿ ಟೇಬಲ್ ಎಡಿಟರ್ ಆಗಿದ್ದೆ. ಜನಸಂಖ್ಯೆ, ಮಳೆ, ಚುನಾವಣೆ, ಹೀಗೆ ಅಂಕಿಗಳಿರುವ ಯಾವ ಪುಟವೂ ನನ್ನ ಸಹಿಯಿಲ್ಲದೆ ಅಚ್ಚಿಗೆ ಹೋಗುತ್ತಿರಲಿಲ್ಲ. ನನ್ನ ಪರೀಕ್ಷೆ ಒಂದೇ: ಅಂಕಿಗಳನ್ನು ಕೂಡಿದರೆ ಒಟ್ಟು ಬರಬೇಕು. ಆ ಕೆಲಸದಲ್ಲಿ ಹನ್ನೊಂದು ವರ್ಷ ಕಳೆದಿದ್ದೆ. ಎರರ್ ಶೀಟಿನಲ್ಲಿ ನನ್ನ ಹೆಸರು ಒಮ್ಮೆಯೂ ಬಂದಿರಲಿಲ್ಲ. ಎರರ್ ಶೀಟ್ ಎಂದರೆ ಯಾವ ತಪ್ಪು ಯಾರದು ಎಂದು ಬರೆದು ಮ್ಯಾನೇಜರಿಗೆ ಕೊಡುವ ಹಾಳೆ.

ಆ ದಿನ ಮಳೆ ಬರುತ್ತಿತ್ತು ಎಂದು ಬರೆಯಲು ಕೈ ಮುಂದಾಗುತ್ತದೆ. ಲಂಡನ್ನಿನ ಜನವರಿ ಎಂದ ಕೂಡಲೇ ನೆನಪು ತಾನಾಗಿ ಮಳೆ ಸುರಿಸುತ್ತದೆ. ನಿಜಕ್ಕೂ ಬಂತೋ ಇಲ್ಲವೋ ತಿಳಿಯದು, ಬಿಡುತ್ತೇನೆ. ನನ್ನ ಬಳಿ ಉಳಿದ ಕಾಗದಗಳನ್ನು ಮತ್ತು ಗಿರಿಜಾಬಾಯಿ ಒಪ್ಪಿದ ಮಾತುಗಳನ್ನು ಮಾತ್ರ ಇಲ್ಲಿ ಇಡುತ್ತೇನೆ.

ಗಿರಿಜಾಬಾಯಿ ನಮ್ಮ ಟೈಪ್‌ಸೆಟರ್. ಕುಂದಾಪುರದವರು, ಆಗ ನಲವತ್ತರ ಆಸುಪಾಸು. ಮೊದಲು ವೆಂಬ್ಲಿಯ ಹೋಟೆಲೊಂದರಲ್ಲಿ ಎಂಟು ವರ್ಷ ತರಕಾರಿ ಹೆಚ್ಚಿ, ಸಂಜೆ ತರಗತಿಗೆ ಹೋಗಿ ಕಂಪ್ಯೂಟರ್ ಕಲಿತು ನಮ್ಮಲ್ಲಿಗೆ ಬಂದಿದ್ದರು. ಆರು ತಿಂಗಳ ಕರಾರು. ಅದರೊಳಗೆ ಎರರ್ ಶೀಟಿನಲ್ಲಿ ಮೂರು ಬಾರಿ ಹೆಸರು ಬಂದರೆ ನೌಕರಿ ಖಾಯಂ ಆಗುವುದಿಲ್ಲ. ಎರಡು ಬಾರಿ ಬಂದಾಗಿತ್ತು. ಕರಾರು ಮುಗಿಯಲು ನಾಲ್ಕು ದಿನ ಉಳಿದಿತ್ತು.

ಆ ವರ್ಷ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಪುಟವೊಂದನ್ನೇ ಕೊನೆಗೆ ಇಟ್ಟುಕೊಂಡಿದ್ದೆವು. ಫ್ಲಾರಿಡಾದ ಎಣಿಕೆ ಕೋರ್ಟಿಗೆ ಹೋಗಿ ಫಲಿತಾಂಶ ಡಿಸೆಂಬರಿನವರೆಗೆ ಎಳೆದಿತ್ತು. ಅಲ್ಲಿಯ ಲೆಕ್ಕ ಎರಡು ಬಗೆಯದು. ಜನ ಹಾಕಿದ ಮತ ಒಂದು. ಆ ಮತದ ಆಧಾರದಿಂದ ಪ್ರತಿ ರಾಜ್ಯ ಮತ್ತು ರಾಜಧಾನಿ ಕಳಿಸುವ ಎಲೆಕ್ಟರುಗಳ ಮತ ಇನ್ನೊಂದು. ಬಹುತೇಕ ರಾಜ್ಯಗಳಲ್ಲಿ ಒಂದು ಮತದಿಂದ ಮುಂದಿದ್ದರೂ ಆ ರಾಜ್ಯದ ಎಲ್ಲ ಎಲೆಕ್ಟರುಗಳು ಸಿಗುತ್ತಾರೆ. ಒಟ್ಟು ಎಲೆಕ್ಟರುಗಳು 538, ಗೆಲ್ಲಲು 270 ಬೇಕು. ಆ ಸಲ ಜನಮತದಲ್ಲಿ ಐದು ಲಕ್ಷಕ್ಕೂ ಹೆಚ್ಚು ಮುಂದಿದ್ದವರು ಸೋತಿದ್ದರು. ಗೆದ್ದವರಿಗೆ ಎಲೆಕ್ಟರುಗಳ ಮತ 271.

ನಮ್ಮಲ್ಲಿ ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಿದರೆ ಇನ್ನೊಬ್ಬರು ಪ್ರೂಫ್ ನೋಡುವ ಪದ್ಧತಿ. ನಾವಿಬ್ಬರೂ ಅಂಕಿಗಳನ್ನು ಒಂದೊಂದಾಗಿ ಕನ್ನಡದಲ್ಲೇ ಓದುತ್ತಿದ್ದೆವು. ಫ್ಯಾಕ್ಸಿನಲ್ಲಿ ಬಂದಿದ್ದ ಮೂಲಪ್ರತಿಯಿಂದ ಜನಮತದ ಉದ್ದುದ್ದ ಸಂಖ್ಯೆಗಳನ್ನು ಹಾಗೆ ಓದಿ ಮುಗಿಸಿದೆವು. ಎಲೆಕ್ಟರುಗಳ ಕಾಲಮ್ ಬಂದಾಗ ನಾನು ಬೇಡ ಎಂದೆ. ಒಂದೆರಡು ಅಂಕಿಯ ಸಂಖ್ಯೆಗಳಲ್ಲಿ ಏನು ತಪ್ಪಾದೀತು? ಕೆಳಗಿನ ಎರಡು ಒಟ್ಟುಗಳನ್ನಷ್ಟೇ ಕೂಡಿದೆ. 271, 266. ಒಂದು ಕಡಿಮೆ.

“ಗಿರಿಜಾಬಾಯಾರ, ಇದೇನ್ರಿ? ಕೂಡಸ್ರಿ, ಐನೂರಾ ಮೂವತ್ತೇಳ ಆಗ್ತದ. ಒಂದು ಎಲ್ಲಿ ಹೋತು?”

“ಎಲ್ಲಿಗ್ ಹೋಯ್ತ್ ಅಂದೇಳಿ ನನ್ನ ಕೇಂಡ್ರೆ ಎಂತ ಹೇಳುದು ಮಾರಾಯ್ರೆ? ಫ್ಯಾಕ್ಸಲ್ಲಿ ಇದ್ದದ್ದೇ ಹೊಡ್ದದ್ದ್ ನಾನು. ಎರಡು, ಆರು, ಆರು.”

“ಫ್ಯಾಕ್ಸಿನ್ಯಾಗ ಏಳು ಆರಾಗಿ ಕಂಡಿರಬೇಕು.”

“ಯಾರೋ ಒಬ್ರ್ ಓಟ್ ಹಾಕದೇ ಇಪ್ಪುಕೂ ಸಾಕಲ್ದಾ?”

“ಚಾ ಕುಡ್ಕೋತ ಕುಂತು ಮರೆಯೋ ಮಂದಿ ಅಲ್ಲರಿ ಅವರು. ಓಟು ಹಾಕೂದ ಅವರ ಕೆಲಸ!”

“ಹಾಂಗಾರೆ ಕೂಡೂದ್ ನಿಮ್ಮ ಕೆಲ್ಸ. ಸ್ಟೇಟೆಲ್ಲ ಕೂಡಿ ಕಂಡ್ರ್ಯಾ?”

ನಾನು ನಕ್ಕೆ. ಕೆಂಪು ಪೆನ್ನಿನಲ್ಲಿ 266ನ್ನು ಹೊಡೆದು 267 ಮಾಡಿದೆ. ಪುಟಕ್ಕೆ ಸಹಿ ಹಾಕಿದೆ. ಎರರ್ ಶೀಟಿನಲ್ಲಿ ಅವರ ಹೆಸರು ಬರೆದು ಮ್ಯಾನೇಜರಿಗೆ ಕೊಟ್ಟೆ. ಆಗ ನನಗೆ ಕಸಿವಿಸಿ ಆಯಿತು ಎಂದು ಈಗ ಸೇರಿಸಬಹುದು. ಆಗಿರಲಿಲ್ಲ. ಕೆಲಸ ಚೊಕ್ಕವಾಗಿ ಮುಗಿದ ಖುಷಿಯಲ್ಲಿ ಬಸ್ ಹತ್ತಿದೆ.

ಮರುದಿನ ಬೆಳಿಗ್ಗೆ ಅವರು ನನ್ನ ಮೇಜಿನ ಮೇಲೆ ಫ್ಯಾಕ್ಸ್ ಹರಡಿದರು.

“ದೇಸಾಯ್ರೆ, ಮೂರು ಸಲ ಕೂಡ್ದೆ. ಇನ್ನೂರ ಅರವತ್ತಾರೇ. ಇಲ್ಲ್ ಕಾಣಿ, ರಾಜಧಾನಿಗೆ ಎಲೆಕ್ಟರ್ ಮೂರು ಜನ, ಬಿದ್ದ ಓಟ್ ಎರಡೇ. ಮೇಲೊಂದು ನಕ್ಷತ್ರ ಇತ್ತ್, ಕೆಳಗೆ ಟಿಪ್ಪಣಿ. ಹೊಡ್ದ್ ಹಾಕಿದ್ದ್ ಯಾರು?”

ಟಿಪ್ಪಣಿ ಹೇಳುತ್ತಿತ್ತು: ರಾಜಧಾನಿಯ ನಿವಾಸಿಗಳಿಗೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ಮತ ಹಾಕಬಲ್ಲ ಪ್ರತಿನಿಧಿ ಇಲ್ಲ, ಅದನ್ನು ಪ್ರತಿಭಟಿಸಿ ಎಲೆಕ್ಟರ್ ಒಬ್ಬರು ತಮ್ಮ ಮತಪತ್ರವನ್ನು ಖಾಲಿ ಬಿಟ್ಟಿದ್ದಾರೆ. ಆ ಸಾಲಿನ ಮೇಲೆ ಅಡ್ಡಗೆರೆ. ಅಂಚಿನಲ್ಲಿ ‘ಜಾಗವಿಲ್ಲ, ಬಿಡಿ’ ಎಂದು ನನ್ನದೇ ಅಕ್ಷರ. ಆ ಗೆರೆ ಎಳೆದದ್ದು ನನಗೆ ಅಂದೂ ನೆನಪಾಗಲಿಲ್ಲ, ಇಂದೂ ಇಲ್ಲ. ಕಾಗದ ಇರದಿದ್ದರೆ ನಾನು ಎಳೆದೇ ಇಲ್ಲ ಎಂದು ಆಣೆ ಮಾಡುತ್ತಿದ್ದೆ.

ಮುದ್ರಣಾಲಯಕ್ಕೆ ಫೋನ್ ಮಾಡಿದೆ. ಪ್ಲೇಟ್ ಇನ್ನೂ ತಯಾರಾಗಿರಲಿಲ್ಲ. 267 ಮತ್ತೆ 266 ಆಯಿತು; ಜನಮತದ ಸಾಲುಗಳನ್ನು ತುಸು ಹತ್ತಿರ ಸರಿಸಿದ್ದೇ ಟಿಪ್ಪಣಿಗೂ ಜಾಗ ಸಿಕ್ಕಿತು. ಆಮೇಲೆ ಮ್ಯಾನೇಜರ ಕೋಣೆಯಿಂದ ಎರರ್ ಶೀಟ್ ತಂದೆ.

“ಇದನ್ನ ಹರದ ಬಿಡ್ತೀನ್ರಿ. ಮುಗೀತು.”

ಗಿರಿಜಾಬಾಯಿ ಹಾಳೆಯ ಮೇಲೆ ಅಂಗೈ ಊರಿದರು.

“ಹರೂಕಾಗ. ಮ್ಯಾನೇಜರ್ ಓದಿ ಆಯ್ತ್. ಈಗ ಹರ್ದ್ರೆ, ತಮ್ಮ ಕಡೆಯವ್ಳ್ ಪಾಪ ಅಂದೇಳಿ ದೇಸಾಯ್ರ್ ಬಿಟ್ರ್ ಅಂಬ್ರು. ನಂಗೆ ಆ ಪಾಪ ಬೇಡ. ನಾ ಹೊಡ್ದದ್ದ್ ಸಮ ಇತ್ತ್ ಅಂದೇಳಿ ಬರ್ದ್ ಕೊಡಿ.”

“ನನ್ನ ಹೆಸರು ಹನ್ನೊಂದು ವರ್ಷದಾಗ ಒಮ್ಮೆನೂ...”

“ಹಾಂಗಾರೆ ಜಾಗ ಬೇಕಾದಷ್ಟು ಇತ್ತ್, ಬರೀಲಿಕ್ಕೆ.”

ಪೆನ್ನು ತೆಗೆದೆ. ಅವರು ಕೈ ತೆಗೆಯಲಿಲ್ಲ, ಬೆರಳು ಸರಿಸಿ ಬರೆಯಲು ಜಾಗ ಮಾಡಿಕೊಟ್ಟರು. ಅವರ ಹೆಸರು ಹೊಡೆದು ನನ್ನದನ್ನು ಬರೆದೆ. ತಪ್ಪಿನ ವಿವರದ ಮನೆಯಲ್ಲಿ: ‘ಸರಿಯಿದ್ದ ಅಂಕಿಯನ್ನು ತಿದ್ದಿದ್ದು, ಮೂಲದ ಟಿಪ್ಪಣಿ ತೆಗೆದದ್ದು.’ ಮ್ಯಾನೇಜರ್ ಓದಿ ತಲೆಯಾಡಿಸಿ ಫೈಲಿಗೆ ಹಾಕಿದರು. ಶುಕ್ರವಾರ ಗಿರಿಜಾಬಾಯಿಯ ನೌಕರಿ ಖಾಯಂ ಆಯಿತು.

ಅನಂತರವೂ ಒಂಬತ್ತು ವರ್ಷ ಅಂಕಿಗಳನ್ನು ಕೂಡಿದೆ, ಮೊದಲಿಗಿಂತ ಚೆನ್ನಾಗಿಯೇ ಕೂಡಿದೆ ಎಂಬ ಧೈರ್ಯ ನನಗಿದೆ. ಹೊಸಬರಿಗೆ ಕೆಲಸ ಕಲಿಸುವಾಗ ಹೇಳುತ್ತಿದ್ದೆ: ಒಟ್ಟು ಬರದಿದ್ದರೆ ಪೆನ್ನು ಮುಚ್ಚಿ ಇಡಿ. ಬೇಕೆಂದೇ ಸುಮ್ಮನಿದ್ದವರು ಯಾರಾದರೂ ಇದ್ದಾರೆಯೇ ಎಂದು ಮೊದಲು ಹುಡುಕಿ. ಇದ್ದರೆ ಅವರಿಗೂ ಒಂದು ಸಾಲು ಕೊಡಿ.