ಕೆಂಗೇರಿ ಕೆರೆ ದಂಡೆಯಲ್ಲಿ ಏಳು ಚುಕ್ಕಿ

ಭಾನುವಾರ ಬೆಳಿಗ್ಗೆ ಎಂಟಕ್ಕೆ ಎಂಟು ವರ್ಷದ ಮಗಳು ಸಿರಿಯೊಂದಿಗೆ ಕಾಮಾಕ್ಷಿಪಾಳ್ಯದಿಂದ ಹೊರಟೆ. ಕೆಂಗೇರಿ ಕೆರೆಯ ಬಳಿ ಉದುರಿದ ಹೂವು, ಎಲೆ, ಕಾಯಿಗಳಿಂದ ನೆಲದ ಮೇಲೆ ಚಿತ್ರ ಮಾಡಿಸುತ್ತೇವೆಂದು ಅವಳ ಶಾಲೆಯ ಮೇಡಂ ಕರೆದಿದ್ದರು. ನನಗೆ ಮನಸ್ಸಿರಲಿಲ್ಲ. ಹೆಂಡತಿ ಸುಮಾ ತೀರಿಕೊಂಡ ಈ ಐದು ತಿಂಗಳಲ್ಲಿ ಭಾನುವಾರವೆಂದರೆ ಸುಮ್ಮನೆ ಮಲಗುವ ದಿನವಾಗಿತ್ತು.

ಬಸ್ಸಿನಲ್ಲಿ ಅಭ್ಯಾಸಬಲದಿಂದ, "ವಿಜಯನಗರ, ನಂದೊಂದು, ಲೇಡೀಸ್ ಎರಡು" ಎಂದೆ.

"ಪಾಪು ಒಬ್ಳೇ ತಾನೆ ಸಾರ್?" ಎಂದರು ಕಂಡಕ್ಟರ್.

"ಹೂಂ. ಒಂದೇ ಕೊಡಿ."

ವಿಜಯನಗರದಿಂದ ಕೆಂಗೇರಿಗೆ ಮೆಟ್ರೋ, ಅಲ್ಲಿಂದ ನಡಿಗೆ. ಒಂಬತ್ತಕ್ಕೇ ಬಿಸಿಲು ಕುತ್ತಿಗೆ ಸುಡುತ್ತಿತ್ತು. ಹೊಂಗೆ ಮರಗಳ ಕೆಳಗೆ ಮಂಡಕ್ಕಿ ಚೆಲ್ಲಿದಂತೆ ಹೂವು ಬಿದ್ದಿತ್ತು. ಮಕ್ಕಳು ಆಗಲೇ ಗಲಾಟೆ ಎಬ್ಬಿಸಿದ್ದರು.

"ಲೋ, ನಿನ್ನ ನವಿಲು ಕೋಳಿ ಥರ ಇದೆ ಕಣೋ!"

"ಕೋಳೀನೇ ಕಣೋ ಅದು!"

ಸಿರಿ ಮಾತ್ರ ಕೈಕಟ್ಟಿ ಕೂತಿದ್ದಳು. ಮೇಡಂ ಕೇಳಿದ್ದಕ್ಕೆ, "ನಂಗೆ ರಂಗೋಲಿ ಒಂದೇ ಬರೋದು ಮಿಸ್. ವರ್ಷ ತುಂಬೋವರ್ಗೂ ಹಾಕಂಗಿಲ್ಲ ಅಂತ ಅಜ್ಜಿ ಹೇಳವ್ರೆ" ಎಂದಳು.

ಮೇಡಂ ನನ್ನ ಮುಖ ನೋಡಿದರು. ನನ್ನಮ್ಮನ ಮಾತನ್ನು ನಾನು ಮೀರಿದವನಲ್ಲ.

"ಹಾಕು" ಎಂದೆ.

"ಎಷ್ಟು ಚುಕ್ಕಿ?"

"ಅಮ್ಮ ಇಡ್ತಿದ್ದಳಲ್ಲ, ಅಷ್ಟೇ. ಐದು."

"ಏಳು! ದಿನಾ ದಾಟ್ಕೊಂಡು ಹೋಗ್ತಿದ್ದೆಯಲ್ಲಪ್ಪ!"

ಹತ್ತು ವರ್ಷ ಗಾರ್ಮೆಂಟ್ಸ್ ಕೆಲಸಕ್ಕೆ ಓಡುವಾಗ ದಾಟಿದ್ದೆ. ಒಂದು ದಿನವೂ ಎಣಿಸಿರಲಿಲ್ಲ.

ಸಿರಿ ಹೊಂಗೆ ಕಾಯಿಗಳನ್ನು ಚುಕ್ಕಿಯಾಗಿ ಇಟ್ಟಳು. ನಾನು ಹೂವು ಆರಿಸಿ ತಂದೆ, ಅವಳು ಎಳೆ ಎಳೆದಳು. ಒಂದು ಗಂಟೆ ಹಿಡಿಯಿತು. ಸೊಂಟ ನೋಯುತ್ತಿತ್ತು.

ಹೊರಡುವ ಮುಂಚೆ ಎಲ್ಲವನ್ನೂ ಮರದ ಬುಡಕ್ಕೆ ಹಿಂತಿರುಗಿಸಬೇಕೆಂದರು ಮೇಡಂ. ಹುಡುಗರು ಕೋಳಿಯನ್ನು ನಗುತ್ತ ಒದ್ದು ಚೆದುರಿಸಿದರು.

"ಇದೊಂದು ಇರ್ಲಿ ಮೇಡಂ" ಎಂದೆ.

ಅಷ್ಟರಲ್ಲಿ ಸಿರಿ ಎರಡೂ ಅಂಗೈಯಿಂದ ಹೂವು ಬಾಚತೊಡಗಿದ್ದಳು. "ಅಮ್ಮ ದಿನಾ ಗುಡ್ಸೇ ತಾನೆ ಅಪ್ಪ ಹೊಸದು ಹಾಕ್ತಿದ್ದಿದ್ದು?"

ಮನೆ ಸೇರಿದಾಗ ಮಧ್ಯಾಹ್ನ ಒಂದೂವರೆ. ಬಾಗಿಲಲ್ಲೇ ನನ್ನಮ್ಮ, "ಏನ್ ಮಾಡುದ್ರಿ ಅಲ್ಲಿ?" ಎಂದು ಕೇಳಿದರು. ಸಿರಿ ನನ್ನನ್ನು ನೋಡಿದಳು.

"ರಂಗೋಲಿ ಹಾಕುದ್ವಿ ಅಮ್ಮ. ನಾಳೆ ಇಲ್ಲೂ ಹಾಕ್ತಾಳೆ."

ಅಮ್ಮ ಬಾಗಿಲ ಮುಂದಿನ ಖಾಲಿ ನೆಲವನ್ನು ನೋಡಿದರು. ಸಿರಿ ಚಪ್ಪಲಿ ಬಿಡದೆ ನಿಂತೇ ಇದ್ದಳು.

"ಕಾಲು ತೊಳ್ಕೊ ಹೋಗು" ಎಂದರು ಕೊನೆಗೆ. "ಆರು ಗಂಟೆಗೆಲ್ಲ ಬಾಗಿಲಿಗೆ ನೀರು ಹಾಕಿರ್ತೀನಿ."