ಇಪ್ಪತ್ತು ಗುಳಿಗೆಗಳ ತೂಕದಕ್ಕ

ಬೆಳಗಿನ ಐದೂವರೆ. ಔಷಧ ಕಾರ್ಖಾನೆಯ ತೂಕದ ಕೋಣೆಯಲ್ಲಿ ಫ್ಯಾನ್ ಆರಿಸಿ, ಕದ ಮುಚ್ಚಿ, ಉಸಿರು ಬಿಗಿಹಿಡಿದು ಒಬ್ಬರು ಗುಳಿಗೆ ತೂಗುತ್ತಿದ್ದಾರೆ. ಎಲ್ಲರ ಬಾಯಲ್ಲೂ ಇವರು ‘ತೂಕದಕ್ಕ’. ಮಕ್ಕಳ ಜ್ವರದ ಗುಳಿಗೆ. ಒಂದೊಂದೂ ಇನ್ನೂರೈವತ್ತು ಮಿಲಿಗ್ರಾಂ ಇರಬೇಕು. ಇಪ್ಪತ್ತನ್ನು ತೂಗಿ ಲೆಕ್ಕ ಹಾಕಿದವರೇ ಮುಖ ಸಿಂಡರಿಸುತ್ತಾರೆ.

"ಸರಾಸರಿ ಇನ್ನೂರೈವತ್ತೇ ಇದ್ಯಲ್ಲಕ್ಕಾ! ಎಂಟಕ್ಕೆ ಲಾರಿ ಬರುತ್ತೆ," ಎನ್ನುತ್ತಾರೆ ಯಂತ್ರ ನಡೆಸುವವರು.

"ಸರಾಸರಿ ಕಟ್ಕೊಂಡು ಏನ್ ಮಾಡ್ಲಿ ಅಣ್ಣ? ಒಂದ್ ಮಗೂಗೆ ಜಾಸ್ತಿ, ಇನ್ನೊಂದಕ್ಕೆ ಕಮ್ಮಿ. ಮಕ್ಕಳನ್ನ ಕೂಡಿಸಿ ಭಾಗಿಸೋಕಾಗುತ್ತಾ?"

ಬಾಟಲಿಗೆ ಚೀಟಿ ಅಂಟಿಸಲು ಬಂದವರು ಇವರು. ಹಳೆಯ ಮೇಲಧಿಕಾರಿಯ ಬೆನ್ನುಬಿದ್ದು ಈ ಲೆಕ್ಕ ಕಲಿತು ಹದಿನೇಳು ವರ್ಷವಾಯಿತು. ಯಂತ್ರ ಸರಿಯಾಗಿದೆ ಎಂಬ ಊಹೆಯಿಂದಲೇ ಲೆಕ್ಕ ಶುರು. ಗುಳಿಗೆಗಳ ತೂಕದ ಏರುಪೇರನ್ನು ಒಂದು ಅಂಕಿಗೆ ಇಳಿಸುತ್ತಾರೆ; ಏರುಪೇರು ಹೆಚ್ಚಿದಷ್ಟೂ ಅಂಕಿ ದೊಡ್ಡದು. ಯಂತ್ರ ನೆಟ್ಟಗಿದ್ದರೆ ಆ ಅಂಕಿ ಮೂವತ್ತು ಚಿಲ್ಲರೆ ದಾಟುವುದು ನೂರರಲ್ಲಿ ಐದು ಸಲ ಮಾತ್ರ. ಇಂದಿನದು ಮೂವತ್ತನಾಲ್ಕನ್ನೂ ಮೀರಿದೆ. ಹಾಗಾಗಿ ಊಹೆ ಬಿಡಬೇಕು, ಯಂತ್ರ ನಿಲ್ಲಿಸಬೇಕು.

"ಅನ್ನ ಬೆಂದಿದ್ಯಾ ನೋಡೋಕೆ ಒಂದಗುಳು ಸಾಕು ಅಂತಾರೆ ನಮ್ಮತ್ತೆ. ಎಲ್ಲಾ ಒಂದೇ ಹದಕ್ಕೆ ಬೆಂದಿದ್ಯಾ ಅಂತ ಒಂದಗುಳು ಹೇಳುತ್ತಾ?" ಎಂದು ನಗುತ್ತಾರೆ.

ಒಮ್ಮೆ ಇವರೂ ಎಡವಿದ್ದುಂಟು. ಹೊಸತರಲ್ಲಿ, ಯಂತ್ರದಿಂದ ಸಾಲಾಗಿ ಉದುರಿದ ಇಪ್ಪತ್ತನ್ನೇ ತೂಗಿದ್ದರು. ಒಂದರ ಹಿಂದೊಂದು ಬಂದವು ಅವಳಿಜವಳಿಗಳಂತೆ ಒಂದೇ ತೂಕ ತೋರಿಸಿದವು. ಉಳಿದವುಗಳ ಏರುಪೇರು ಕಾಣಲೇ ಇಲ್ಲ; ಆ ಸರಕೆಲ್ಲ ಪೇಟೆಯಿಂದ ವಾಪಸು ಬಂತು. "ಭೂಮಿ ಬಾಯ್ಬಿಡಬಾರ್ದಾ ಅನ್ನಿಸ್ತು." ಅಂದಿನಿಂದ ಆರಂಭದಲ್ಲಿ, ನಡುವೆ, ಕೊನೆಯಲ್ಲಿ ಹೆಕ್ಕುತ್ತಾರೆ. ದಿನಕ್ಕೆ ಆರು ಸರದಿ, ನೂರಿಪ್ಪತ್ತು ಗುಳಿಗೆ.

ಇವತ್ತು ಯಂತ್ರ ನಡೆಸುವವರು ಗೊಣಗುತ್ತಲೇ ಅದನ್ನು ಬಿಚ್ಚಿದರೆ, ಪುಡಿಯನ್ನು ಅಚ್ಚಿಗೆ ತಳ್ಳುವ ರೆಕ್ಕೆಯ ಒಂದು ಬದಿ ಸವೆದು ಹೋಗಿದೆ. ಲಾರಿ ಖಾಲಿ ಹಿಂದಿರುಗುತ್ತದೆ. ಯಂತ್ರದವರು ಪೆಚ್ಚಾಗಿ ತಲೆ ಕೆರೆದುಕೊಳ್ಳುತ್ತಾ, "ಅಕ್ಕ ಬೇಡ ಅಂದ್ರೆ ಬೇಡ ಅಷ್ಟೇ," ಎಂದು ಚಹಾ ತಂದಿಡುತ್ತಾರೆ.

ಗುಳಿಗೆ ನುಂಗಿದ ಯಾವ ಮನೆಯವರಿಗೂ ಇವರ ಹೆಸರು ಗೊತ್ತಿಲ್ಲ. ಬೇಸರವಿಲ್ಲವೇ ಎಂದರೆ ಕೈಯಾಡಿಸಿಬಿಡುತ್ತಾರೆ.

"ಮೊನ್ನೆ ಮೊಮ್ಮಗಳಿಗೆ ಜ್ವರ ಬಂತು. ಅಂಗಡಿಯಿಂದ ನಮ್ಮ ಗುಳಿಗೇನೇ ತಂದೆ. ತೂಗ್ಲಿಲ್ಲ, ಲೆಕ್ಕ ಹಾಕ್ಲಿಲ್ಲ. ಕೊಟ್ಟು ಮಲಗಿಸ್ದೆ, ಪಕ್ಕದಲ್ಲಿ ನಾನೂ ನಿದ್ದೆ ಮಾಡ್ದೆ."