ಆಯುಧಪೂಜೆಗೆ ಬಂದ ಗಿಟಾರ್

ಹೋದ ವರ್ಷ, ಅಮೆರಿಕದ ರೆಡೊಂಡೊ ಬೀಚಿನ ನಮ್ಮ ಮನೆ ಮುಂದೆ, ಆಯುಧಪೂಜೆಗೆಂದು ಅತ್ತೆ ಕಾರಿನ ಚಕ್ರದಡಿ ನಿಂಬೆಹಣ್ಣು ಇಡುತ್ತಿದ್ದರು. ಇದೇಕೆಂದು ಪಕ್ಕದ ಮನೆಯ ಇಂಗ್ಲೆಂಡಿನ ಅಂಕಲ್ ಕೇಳಿದರು. ರಾಕ್ ಬ್ಯಾಂಡಿಗೆ ಹಾಡು ಬರೆದು, ಗಿಟಾರ್ ನುಡಿಸಿ ಹೆಸರಾದವರು ಅವರು. ಅನ್ನ ಕೊಡುವ ವಸ್ತುವಿಗೆ ಇವತ್ತು ಪೂಜೆ ಎಂದೆ. ಅವರು ತಮ್ಮ ಮನೆಯೊಳಗೆ ಹೋಗಿ ಹಳೇ ಗಿಟಾರ್ ತಂದರು. “ವಯಸ್ಸಿನ ಹುರುಪಿನಲ್ಲಿ ಸ್ಟೇಜ್ ಮೇಲೆ ಎಷ್ಟೋ ಗಿಟಾರ್ ಒಡೆದುಹಾಕಿದೆ. ಉಳಿದದ್ದು ಇದೊಂದೇ” ಎಂದರು.

ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಅತ್ತೆ ಗಿಟಾರಿಗೆ ಕುಂಕುಮ ಹಚ್ಚಿ ದೇವರ ಮುಂದಿಟ್ಟರು. “ಇವತ್ತ ಬಾರಸೂ ಹಂಗಿಲ್ಲ. ನಾಳೆ ಒಯ್ಯಿರಿ ಅಂತ ಹೇಳು.”

ಈ ವರ್ಷ ಅತ್ತೆ ಧಾರವಾಡದಲ್ಲಿದ್ದಾರೆ. ಕೆಲಸದ ಗಡಿಬಿಡಿಯಲ್ಲಿ ನಾನು ಹಬ್ಬವನ್ನೇ ಮರೆತಿದ್ದೆ. ಬೆಳಿಗ್ಗೆ ಬಾಗಿಲು ತೆರೆದರೆ, ಅಂಕಲ್ ಗಿಟಾರ್ ಹೆಗಲಿಗೇರಿಸಿ, ತಮ್ಮ ಹಿತ್ತಲಿನ ನಿಂಬೆಹಣ್ಣು ಹಿಡಿದು ನಿಂತಿದ್ದರು.